ಆಮೆಯಜ್ಜನ ಆಣೆ

ಮುಸುವ ಭರಮಣ್ಣ ಕಾಡಿನಿಂದ ಐದು ಸಲ ಗೆದ್ದ ಶಾಸಕ. ಒಂದು ನೆಗೆತಕ್ಕೆ ಏಳು ಮರ ದಾಟುತ್ತಿದ್ದ, ಅವನ ಕಾಲು ನೆಲ ಮುಟ್ಟಿದ್ದನ್ನು ಕಂಡವರಿಲ್ಲ. ಗೆದ್ದ ಮರದಲ್ಲಿ ಮತ್ತೆ ಕೂತವನೂ ಅಲ್ಲ. ಮೊದಲ ಸಲ ಆಲದಮರದ ಗುರುತು, ಆಮೇಲೆ ಸಲಕ್ಕೊಂದು ಮರ, ಈ ಆರನೇ ಸಲ ಹುಣಸೆಮರ. ಅವನು ಬಿಟ್ಟ ಆಲದಮರದ ಗುರುತಿಗೆ ಈಗ ನರಿಯಣ್ಣ ನಿಂತಿದ್ದ.

ಮತಗಟ್ಟೆ ಮುಚ್ಚುವ ಹೊತ್ತಿಗೆ ಇಬ್ಬರಿಗೂ ಸಮಸಮ ಓಟು ಬಿದ್ದಿವೆ ಎಂದು ಕಾಗೆಗಳು ಸುದ್ದಿ ತಂದವು. ಭರಮಣ್ಣನ ಬಾಲ ಜೋತುಬಿತ್ತು. ಅಷ್ಟರಲ್ಲಿ ದೂರದ ದಾರಿಯಲ್ಲಿ ಆಮೆಯಜ್ಜ ಕಂಡ. ಭರಮಣ್ಣ ಒಂದೇ ನೆಗೆತಕ್ಕೆ ಅವನ ಮುಂದಿದ್ದ.

"ಅಜ್ಜಾ, ಇಪ್ಪತ್ತೈದು ವರ್ಷ ಎಲ್ಲಿಗೆ ಹೋಗಿದ್ದೆ?"

"ದಾರಿಯಲ್ಲೇ ಇದ್ದೆ ಸಾಹೇಬರೇ. ನಿಮ್ಮ ಮೊದಲನೇ ಚುನಾವಣೆಗೆ ಹೊರಟವನು ನಾನು. ಗುಡ್ಡ ಕಡಿದು ರಸ್ತೆ ಮಾಡಿಸುತ್ತೇನೆ ಅಂದಿದ್ದಿರಿ. ಮಾಡಿಸಲಿಲ್ಲ, ಸುತ್ತು ಹಾಕಿಕೊಂಡು ಬಂದೆ."

"ಆಗಿದ್ದು ಆಯಿತು ಬಿಡು. ಓಟು ನನಗೇ ತಾನೆ?"

"ದೇವರ ಭಂಡಾರದ ಅರಿಶಿನ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದು ಮರೆತಿರಾ? ಅವತ್ತು ನೀವು ಹೇಳಿಕೊಟ್ಟಿದ್ದನ್ನೇ ದಾರಿಯುದ್ದಕ್ಕೂ ಜಪಿಸಿಕೊಂಡು ಬಂದಿದ್ದೇನೆ."

ಭರಮಣ್ಣನಿಗೆ ಜೀವ ಬಂತು. ಅಜ್ಜನನ್ನು ಹೆಗಲ ಮೇಲೆ ಹೊತ್ತು ಓಡಿ, ಬಾಗಿಲು ಮುಚ್ಚುವ ಮೊದಲೇ ಮತಗಟ್ಟೆಯೊಳಗೆ ಇಳಿಸಿದ.

ಅಜ್ಜ ನಿಧಾನವಾಗಿ ಹೊರಗೆ ಬಂದ.

"ಆಣೆ ತೀರಿತು ಸಾಹೇಬರೇ. ಆಲದಮರಕ್ಕೇ ಮುದ್ರೆ ಒತ್ತಿದೆ."

ನರಿಯಣ್ಣ ಒಂದೇ ಓಟಿನಿಂದ ಗೆದ್ದ. ಆ ಓಟನ್ನು ಹೊತ್ತು ತಂದವನು ಭರಮಣ್ಣ.