ಹರಳಿನಲ್ಲಿ ಉಳಿಯದ ಹುಳಿ

"ಬುದ್ಧಿ, ಕರಿಬಸಪ್ಪನನ್ನು ಸಮಿತಿಯಿಂದ ಬಿಟ್ಟುಬಿಡಲೇ?" ಎಂದು ಮರುಳಸಿದ್ದಯ್ಯ ಕೇಳಿದ.

ಮಠದಲ್ಲಿ ಓದುವ ಮಕ್ಕಳಿಗೆ ಹೊಸ ಅಡುಗೆಮನೆ ಕಟ್ಟಿಸುವ ಕೆಲಸವನ್ನು ಗುರುಗಳು ಈ ಶಿಷ್ಯನಿಗೆ ವಹಿಸಿದ್ದರು. ಮಳೆಗಾಲದೊಳಗೆ ಸೂರು ಆಗದಿದ್ದರೆ ಮಕ್ಕಳು ಈ ವರ್ಷವೂ ಹಸಿ ಸೌದೆಯ ಹೊಗೆಯಲ್ಲಿ ಕೂತು ಉಣ್ಣಬೇಕು. ಆದರೆ ಆ ಕೆಲಸಕ್ಕೆ ಮಾಡಿದ ಸಮಿತಿಯಲ್ಲಿದ್ದ ಕರಿಬಸಪ್ಪ ಯಾವುದಕ್ಕೂ ಹೂಂ ಅನ್ನುವವನಲ್ಲ. ಒಲೆಯನ್ನು ಮೂಲೆಗಿಡೋಣ ಎಂದರೆ ಹೊಗೆ ಎಲ್ಲಿ ಹೋಗಬೇಕು ಅನ್ನುತ್ತಾನೆ. ಹೊಗೆಗೆ ಕೊಳವೆ ಇಡೋಣ ಎಂದರೆ ಮಳೆನೀರು ಒಲೆಗೇ ಬೀಳುತ್ತದೆ ಅನ್ನುತ್ತಾನೆ. ಕೊಳವೆಗೆ ಮುಚ್ಚಳ ಎಂದರೆ ಕೋತಿಗಳನ್ನು ನೆನಪಿಸುತ್ತಾನೆ. ನಕ್ಷೆ ಮತ್ತೆ ಮತ್ತೆ ಬದಲಾಯಿತು; ಗೋಡೆ ಮಾತ್ರ ಏಳಲಿಲ್ಲ. ಮರುಳಸಿದ್ದಯ್ಯ ಇದನ್ನೆಲ್ಲ ಹೇಳಿಕೊಂಡ. ತನಗೆ ಸಾಕುಸಾಕಾಗಿದೆ ಎಂದ. ಅವನೊಬ್ಬ ಇಲ್ಲದಿದ್ದರೆ ಉಳಿದವರೆಲ್ಲ ಒಂದೇ ಮಾತಿಗೆ ಕೂಡಿಕೊಳ್ಳುತ್ತಾರೆ ಎಂದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ನೀರಿನಲ್ಲಿ ಮೂಳೆ ಹಾಳುಮಾಡುವ ವಿಷವಿತ್ತು. ಅದನ್ನು ತೆಗೆಯಲು ಒಬ್ಬ ತಯಾರಕ ಒಂದು ಬಗೆಯ ಹರಳು ಬೆಳೆಸುತ್ತಿದ್ದ. ಲೋಹದ ಉಪ್ಪನ್ನೂ ಇಂಗಾಲದ ಕೊಂಡಿಗಳನ್ನೂ ಒಂದು ದ್ರವದಲ್ಲಿ ಕರಗಿಸಿ ಮುಚ್ಚಿದ ಪಾತ್ರೆಯಲ್ಲಿ ಕಾಯಿಸುವನು. ಲೋಹ ಗಂಟಾಗಿ, ಕೊಂಡಿ ದಾರವಾಗಿ, ಬಲೆಯ ಹಾಗೆ ಹೆಣೆದುಕೊಳ್ಳುವವು. ಹರಳಿನ ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳು. ಹರಳುಗಳ ನಡುವೆ ನೀರು ಹರಿದರೆ ವಿಷ ಆ ತೂತುಗಳಲ್ಲಿ ಸಿಕ್ಕಿಕೊಳ್ಳುವುದು.

ಪಾತ್ರೆಗೆ ಅವನು ಒಂದು ಹುಳಿಯನ್ನೂ ಹಾಕುತ್ತಿದ್ದ, ವಿನೆಗರಿನಲ್ಲಿ ಇರುವಂಥದ್ದು. ಅಡ್ಡ ಬರುವುದೇ ಅದರ ಕೆಲಸ. ಕೊಂಡಿ ಬರುವ ಮೊದಲೇ ಹೋಗಿ ಲೋಹದ ಪಕ್ಕ ಕೂತುಬಿಡುವುದು. ಕೊಂಡಿ ಅದನ್ನು ಎಬ್ಬಿಸಿ ಜಾಗ ಮಾಡಿಕೊಳ್ಳಬೇಕು. ಎಬ್ಬಿಸಿದರೆ ಇನ್ನೊಂದು ಕಡೆ ಹೋಗಿ ಕೂರುವುದು. ಹೀಗಾಗಿ ಹರಳು ಬಹಳ ನಿಧಾನ. ಊರಿನ ಹೆಂಗಸರು ಕೊಡ ಹಿಡಿದು ಬಾಗಿಲಿಗೆ ಬಂದು ಆಯಿತೇ ಎಂದು ಕೇಳುವರು. ಇನ್ನೂ ಇಲ್ಲ ಎಂದು ಹೇಳಿ ಹೇಳಿ ಅವನಿಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು.

ಸಿದ್ಧವಾದ ಹರಳನ್ನು ತೊಳೆದು ಪರೀಕ್ಷಿಸಿದ. ಅದರಲ್ಲಿ ಹುಳಿ ಇರಲೇ ಇಲ್ಲ ಅನ್ನಬೇಕು. ಹರಳಿನಲ್ಲಿ ಉಳಿಯದ್ದಕ್ಕೆ ಪಾತ್ರೆಯಲ್ಲಿ ಏನು ಕೆಲಸ ಎಂದುಕೊಂಡು ಅದನ್ನು ಕೈಬಿಟ್ಟ.

ಪಾತ್ರೆ ಬೇಗನೆ ಬೆಳ್ಳಗಾಯಿತು. ಅವನು ಹಿಗ್ಗಿದ. ಆರಿದ ಮೇಲೆ ನೋಡಿದರೆ ಒಳಗಿದ್ದದ್ದು ಗಂಜಿ. ಲೋಹವೂ ಕೊಂಡಿಗಳೂ ಸಿಕ್ಕ ಸಿಕ್ಕ ಕಡೆ ಸಿಕ್ಕ ಹಾಗೆ ಅಂಟಿಕೊಂಡಿದ್ದವು. ತಪ್ಪಾಗಿ ಕೂಡಿದ್ದನ್ನು ಅಡ್ಡ ಬಂದು ಬಿಡಿಸಲು ಹುಳಿ ಇರಲಿಲ್ಲ. ಒಣಗಿಸಿದರೆ ಹಿಟ್ಟಾಯಿತು. ಆ ಹಿಟ್ಟನ್ನೇ ನೀರು ಸೋಸುವ ಕೊಳವೆಗೆ ತುಂಬಿ ಮೇಲಿಂದ ನೀರು ಹುಯ್ದ. ಹಿಟ್ಟು ಮೆತ್ತಿಕೊಂಡಿತು. ಕೆಳಗೆ ಒಂದು ತೊಟ್ಟೂ ಬೀಳಲಿಲ್ಲ.

ಒಬ್ಬ ಮುದುಕಿ ಬಗ್ಗಿ ಕೊಳವೆಯ ಬಾಯಿ ನೋಡಿದಳು. "ಮೊದಲು ಕೆಟ್ಟ ನೀರಾದರೂ ಬರುತ್ತಿತ್ತಪ್ಪ. ಈಗ ಅದಕ್ಕೂ ಕಲ್ಲು ಹಾಕಿದೆ," ಅಂದಳು.

ಅವನು ರೋಸಿಹೋದ. ಮುಂದಿನ ಪಾತ್ರೆಗೆ ಹುಳಿಯನ್ನು ಅಳತೆ ನೋಡದೆ ಸುರಿದ. ಈ ಸಲ ಏನೂ ಆಗಲಿಲ್ಲ. ದ್ರವ ಹಾಕಿದ ಹಾಗೆಯೇ ತಿಳಿಯಾಗಿ ಕೂತಿತ್ತು. ಕೊಂಡಿ ಬಂದು ಕೂರಲು ಲೋಹದ ಪಕ್ಕ ಒಂದು ಜಾಗವೂ ಸಿಕ್ಕಿರಲಿಲ್ಲ. ಸಿಟ್ಟಿಗೆ ಪಾತ್ರೆಯನ್ನು ಒದ್ದ, ಕಾಲು ಸುಟ್ಟುಕೊಂಡ.

ಕುಂಟುತ್ತಾ ಅಳತೆಗೆ ಬಂದ. ಹುಳಿ ಸ್ವಲ್ಪ ಹಾಕಿದರೆ ಹರಳು ಸಣ್ಣದು, ಇನ್ನಷ್ಟು ಹಾಕಿದರೆ ದೊಡ್ಡದು. ಮುಖಗಳು ನೇರ, ಅಂಚುಗಳು ಚೂಪು, ಎಲ್ಲವೂ ಒಂದೇ ಆಕಾರ. ಆ ಊರಿನ ಕೊಳವೆಗೆ ಯಾವ ಗಾತ್ರ ಒಪ್ಪುವುದೋ ಆ ಅಳತೆಗೆ ನಿಲ್ಲಿಸಿದ. ಹೆಂಗಸರು ಬಾಗಿಲಿಗೆ ಬಂದಾಗ ಇನ್ನೂ ಇಲ್ಲ ಎಂದೇ ಹೇಳಿದ. ಕೊನೆಗೆ ಹರಳು ಬೆಳೆಯಿತು. ತೊಳೆದ. ಹುಳಿ ಬಚ್ಚಲಿಗೆ ಹೋಯಿತು. ಹರಳುಗಳ ನಡುವೆ ನೀರು ಇಳಿದು ಕೊಡಕ್ಕೆ ಬಿತ್ತು.

ಗುರುಗಳು ಕತೆ ಮುಗಿಸಿದರು. ಮರುಳಸಿದ್ದಯ್ಯ ಯೋಚಿಸುತ್ತಾ ಕೂತ. ಮುಖದ ಬಿಗಿ ಸ್ವಲ್ಪ ಸಡಿಲವಾಯಿತು.

"ಹಾಗಾದರೆ ಸೂರು ಆಗುವ ತನಕ ಅವನು ಇರಲಿ, ಬುದ್ಧಿ. ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತೇನೆ. ಮುಗಿದ ದಿನ ತೊಳೆದುಬಿಡೋಣ," ಎಂದ.

ಗುರುಗಳು ಅವನನ್ನೇ ನೋಡಿದರು.

"ತೊಳೆದ ಮೇಲೆ ಮಕ್ಕಳ ಅಡುಗೆಮನೆ ಉಳಿಯುತ್ತದೆ, ಮರುಳಸಿದ್ದಯ್ಯ. ನೀನೂ ಉಳಿಯುತ್ತೀಯ ಎಂದು ನಿನಗೆ ಯಾರು ಹೇಳಿದರು?"