ದಾರಿ ಬಿಡು

ಚನ್ನವೀರ ಹೊಳೆದಂಡೆಯ ಗುರುವಿನ ಮನೆಗೆ ಬಂದಾಗ ಬೆಳಗಿನ ಪಾಠ ಮುಗಿದಿತ್ತು. ಶಾವಂತ್ರವ್ವ ಕಟ್ಟೆಯ ಮೇಲೆ ಕೂತು ತಂಬೂರಿಗೆ ಗವಸು ಹಾಕುತ್ತಿದ್ದರು.

ಅವನು ಅವರ ಬಳಿ ಆರು ವರ್ಷ ಸಂಗೀತ ಕಲಿತಿದ್ದ. ಮೊದಲ ಎರಡು ವರ್ಷ ಅವರು ತಂಬೂರಿ ಶ್ರುತಿ ಮಾಡುವುದನ್ನು ಬಿಟ್ಟು ಬೇರೇನನ್ನೂ ಹೇಳಿಕೊಟ್ಟಿರಲಿಲ್ಲ. ಆಮೇಲೊಂದು ದಿನ ಅವನು ಎಲೆಕ್ಟ್ರಿಕ್ ಗಿಟಾರು ಹಿಡಿದು ಧಾರವಾಡದ ಒಂದು ರಾಕ್ ಬ್ಯಾಂಡ್ ಸೇರಿದ. ಅವರು ತಡೆದಿರಲಿಲ್ಲ.

ಕಾಲಿಗೆರಗಿ ಕೂತ.

"ಅವ್ವಾರ, ನನಗ ಅಂಜಿಕಿ ಹತ್ತೈತ್ರಿ."

ಅವರು ನೀರು ಕೊಟ್ಟರು. ಅವನು ಕುಡಿದು, ಇದ್ದದ್ದನ್ನು ಹೇಳಿದ.

ಶಾಲ್ಮಲಾ ಎಂಬವಳ ಜೊತೆ ಮೂರು ವರ್ಷದ ಪ್ರೀತಿ. ಹೋದ ಮಳೆಗಾಲದಲ್ಲಿ ಅವಳು ಬಿಟ್ಟುಹೋದಳು. ಆ ಸಂಜೆ ಅವನು ಕೋಣೆಯಲ್ಲಿ ಗಿಟಾರು ರೆಕಾರ್ಡ್ ಮಾಡುತ್ತಿದ್ದಾಗಲೇ ಜಗಳ ಶುರುವಾಗಿತ್ತು. ಮೈಕು ಆರಿಸುವುದು ಮರೆತುಹೋಗಿತ್ತು. ಅವಳ ಮಾತು, ಅವಳ ಅಳು, ಎಲ್ಲವೂ ಅದರಲ್ಲಿ ಉಳಿದುಬಿಟ್ಟಿತು.

ಒಂಬತ್ತು ತಿಂಗಳು ಅದನ್ನೇ ಇಟ್ಟುಕೊಂಡು ಅವನು ಎಂಟು ಹಾಡು ಕಟ್ಟಿದ. ಪಲ್ಲವಿ, ಚರಣ ಇರುವಂಥ ಹಾಡಲ್ಲ. ಅವಳ ಒಂದೊಂದು ಮಾತನ್ನೂ ಕತ್ತರಿಸಿ, ಎಳೆದು, ಹಿಂದುಮುಂದು ಮಾಡಿ, ಅದರ ಸುತ್ತ ಗಿಟಾರಿನ ಗದ್ದಲ ಎಬ್ಬಿಸಿದ್ದ. ಏಳನೆಯದರಲ್ಲಿ ಅವಳು 'ದಾರಿ ಬಿಡು' ಅನ್ನುವುದು ನಲವತ್ತು ಸಲ ಬರುತ್ತಿತ್ತು. ಆಲ್ಬಮ್ಮಿಗೂ ಅದೇ ಹೆಸರು. ಬ್ಯಾಂಡಿನ ಗೆಳೆಯರು ಕೇಳಿ ಕಣ್ಣೊರೆಸಿಕೊಂಡಿದ್ದರು. ಇನ್ನು ಹನ್ನೆರಡು ದಿನಕ್ಕೆ ಬಿಡುಗಡೆ.

ಆದರೆ ಒಂದು ತಿಂಗಳಿಂದ ಅವನಿಗೆ ಆ ಏಳನೆಯ ಹಾಡನ್ನು ಕೇಳಲು ಆಗುತ್ತಿರಲಿಲ್ಲ. ಅದರೊಳಗೆ ಯಾರೋ ಉಸಿರಾಡುತ್ತಿದ್ದರು.

ಅದು ಶಾಲ್ಮಲಾಳ ಉಸಿರಲ್ಲ. ದಪ್ಪ ಉಸಿರು, ಮೈಕಿಗೆ ತೀರ ಹತ್ತಿರ. ಗದ್ದಲ ಹೆಚ್ಚಿಸಿ ನೋಡಿದ, ಹೋಗಲಿಲ್ಲ. ಈಗೀಗ ಹಾಡು ಹಚ್ಚದಿದ್ದರೂ ಬೆನ್ನ ಹಿಂದೆ ಅದೇ ಕೇಳುತ್ತಿತ್ತು. ಸ್ನಾನಕ್ಕೆ ಹೋದರೂ ಬಾಗಿಲು ಹಾಕಿಕೊಳ್ಳಲು ಧೈರ್ಯ ಸಾಲುತ್ತಿರಲಿಲ್ಲ.

"ತಂದೀಯೇನು?" ಎಂದು ಕೇಳಿದರು ಶಾವಂತ್ರವ್ವ.

ಅವನು ಲ್ಯಾಪ್‌ಟಾಪ್ ತೆಗೆದು ಹೆಡ್‌ಫೋನು ಕೊಟ್ಟ. ಅವರು ತಲೆಯ ಮೇಲಿನ ಸೆರಗು ಸರಿಸಿ ಹಾಕಿಕೊಂಡು, ಎಂಟೂ ಹಾಡು ಮುಗಿಯುವವರೆಗೆ ಕಣ್ಣು ಮುಚ್ಚಿ ಕೂತರು. ಏಳನೆಯದು ಬಂದಾಗ ಅವರ ಬೆರಳು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದದ್ದನ್ನು ಚನ್ನವೀರ ಕಂಡ.

"ಈ ಹುಡುಗಿ ಯಾರ ಕೂಡ ಮಾತಾಡಾಕತ್ತಾಳ?"

"ನನ್ನ ಕೂಡ್ರಿ."

"ನಿನ್ನ ಮಾತು ಎಲ್ಲಿ?"

"ಮೊದಲನೇ ದಿನಾನ ತಗದೀನ್ರಿ. ಅಲ್ಲೆಲ್ಲಾ ಗಿಟಾರ ಹಾಕೀನಿ."

ಯಾಕೆ ಎಂದು ಅವರು ಕೇಳಿದರು. ತನ್ನ ದನಿ ಸರಿಯಾಗಿ ಮೂಡಿರಲಿಲ್ಲ ಎಂದು ಅವನು ಹೇಳಿದ. ಹೇಳುತ್ತಿರುವಾಗಲೇ ಅದು ಸುಳ್ಳೆಂದು ಅವನಿಗೆ ಗೊತ್ತಾಯಿತು.

ಏನೂ ಕತ್ತರಿಸದ ಮೂಲ ರೆಕಾರ್ಡಿಂಗ್ ಅವನ ಬಳಿಯೇ ಇತ್ತು. ಅದನ್ನು ಹಚ್ಚಲು ಹೇಳಿ, ಹೆಡ್‌ಫೋನನ್ನು ತಾವೇ ಅವನ ತಲೆಗೆ ತೊಡಿಸಿ, ಶಾವಂತ್ರವ್ವ ಎದುರಿಗೆ ಕೂತರು.

ಕುರ್ಚಿ ಬಿದ್ದ ಸದ್ದು. ಯಾರೋ ಗಂಡಸು ಕೂಗುತ್ತಿದ್ದ. ಒಂದು ಗಳಿಗೆ ಅವನಿಗೆ ಆ ದನಿಯ ಗುರುತು ಸಿಗಲಿಲ್ಲ. ಹೆಂಗ ಹೋಗ್ತಿ ಹೋಗು ನೋಡೂಣು, ಅನ್ನುತ್ತಿತ್ತು ಅದು. ಆಮೇಲೆ ಚಿಲಕ ಬಿದ್ದ ಸದ್ದು. ಆಮೇಲೆ ಶಾಲ್ಮಲಾ, ಮೆಲ್ಲಗೆ, ದಾರಿ ಬಿಡು. ಆಮೇಲೆ ಆ ದಪ್ಪ ಉಸಿರು. ಬಹಳ ಹೊತ್ತು ಅದೊಂದೇ.

ಮೈಕು ಇದ್ದದ್ದು ಬಾಗಿಲ ಪಕ್ಕದಲ್ಲಿ. ಬಾಗಿಲಿಗೆ ಬೆನ್ನು ಕೊಟ್ಟು ನಿಂತವನು ತಾನು.

ಹೆಡ್‌ಫೋನು ಕಿತ್ತುಹಾಕಲು ಕೈ ಎತ್ತಿದ. ಶಾವಂತ್ರವ್ವ ಬೇಡವೆಂದು ತಲೆಯಾಡಿಸಿದರು. ಕೊನೆಯವರೆಗೂ ಕೇಳಿದ. ಅವಳು ಐದು ಸಲ ಬೇಡಿಕೊಂಡಿದ್ದಳು. ಐದನೆಯ ಸಲ ಗಂಟಲಲ್ಲಿ ದನಿಯೇ ಇರಲಿಲ್ಲ. ಚಿಲಕ ತೆಗೆದದ್ದು ಅದಾದ ಮೇಲೆ.

"ಆಕಿ ಅಂಜಿದ್ದಳು," ಎಂದ ಕೊನೆಗೆ. "ನನಗ ಅಂಜಿದ್ದಳು."

ಶಾವಂತ್ರವ್ವ ಎದ್ದು ಒಳಗೆ ಹೋದರು. ಅವತ್ತು ಮತ್ತೆ ಹೊರಗೆ ಬರಲಿಲ್ಲ.

ಧಾರವಾಡಕ್ಕೆ ಹೋಗಿ ಚನ್ನವೀರ ಬಿಡುಗಡೆ ನಿಲ್ಲಿಸಿದ. ಗೆಳೆಯರು ಸಿಟ್ಟಾದರು. ಡ್ರಮ್ ಬಾರಿಸುವವನು ಬ್ಯಾಂಡನ್ನೇ ಬಿಟ್ಟ. ಮೈಕು ಹಚ್ಚಿದ್ದ ಸಂಗತಿಯನ್ನೂ ತಾನು ಮಾಡಿದ್ದನ್ನೂ ಬರೆದು, ಅವಳ ದನಿಯ ಒಂದು ಚೂರೂ ಇನ್ನು ಮುಂದೆ ಯಾರ ಕಿವಿಗೂ ಬೀಳುವುದಿಲ್ಲ ಎಂದು ಶಾಲ್ಮಲಾಳಿಗೆ ಪತ್ರ ಹಾಕಿದ. ಉತ್ತರ ಬರಲಿಲ್ಲ. ಎರಡನೆಯ ಪತ್ರ ಅವನು ಬರೆಯಲಿಲ್ಲ.

ಆಮೇಲೆ ಎಂಟೂ ಹಾಡುಗಳಿಂದ ಅವಳನ್ನು ತೆಗೆದ. ಗಿಟಾರಿನ ಗದ್ದಲ ಕಿತ್ತು, ಅಡಗಿಸಿದ್ದ ತನ್ನ ಕೂಗನ್ನು ಅಲ್ಲಲ್ಲೇ ತಂದಿಟ್ಟ. ಇಡುವಾಗ ಎಷ್ಟೋ ಸಲ ನಡುವೆಯೇ ಎದ್ದು ಹೋದ. ಅಂಜಿಕೆ ಇನ್ನೂ ಇತ್ತು. ಬೆನ್ನ ಹಿಂದೆ ಮಾತ್ರ ಇರಲಿಲ್ಲ.

ಎರಡು ತಿಂಗಳ ಮೇಲೆ ಮತ್ತೆ ಹೊಳೆದಂಡೆಗೆ ಬಂದ. ಶಾವಂತ್ರವ್ವ ಹೆಡ್‌ಫೋನಿಗೆ ಕೈ ಚಾಚಿದರು. ಅವನು ಏಳನೆಯ ಹಾಡು ಹಚ್ಚಿದ. ಒಬ್ಬ ಗಂಡಸಿನ ಕೂಗು, ಚಿಲಕ, ಉಸಿರು, ನಡುನಡುವೆ ಏನೂ ಇಲ್ಲದ ಉದ್ದುದ್ದ ತೆರಪು.

ಆ ತೆರಪುಗಳೇ ಅವನನ್ನು ಈಗ ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತಿದ್ದವು. ಹಾಡು ಮುಗಿಯುವವರೆಗೆ ಕಾಯಲು ಅವನಿಂದ ಆಗಲಿಲ್ಲ.

"ಆಕಿ ದನಿ ಇದ್ದಲ್ಲೆಲ್ಲಾ ಖಾಲಿ ಉಳದೈತ್ರಿ, ಅವ್ವಾರ. ಅಲ್ಲಿ ಏನ ತುಂಬಲಿ?"

ಶಾವಂತ್ರವ್ವ ಕಣ್ಣು ತೆರೆಯಲಿಲ್ಲ. ಬೆರಳೆತ್ತಿ ಅವನನ್ನು ತಡೆದರು.

"ಸುಮ್ಮನಿರು," ಎಂದರು. "ಆಕಿ ಮಾತಾಡಾಕತ್ತಾಳ."