ಮೊದಲ ಕಲ್ಲು ಯಾರ ದಾರಿಗೆ

"ಕೇಳಿರಪ್ಪೋ ಕೇಳಿ! ಸುರಗಿಪಟ್ಟಣದ ಅರಸು ಧೀರಭೂಪನ ಅಪ್ಪಣೆ! ನಮ್ಮ ಗಣಿಯಲ್ಲಿ ವರ್ಷಕ್ಕೆ ಒಂದು ದಾರಿಗಾಗುವಷ್ಟೇ ಕಲ್ಲು ಏಳುತ್ತದೆ. ನನ್ನ ಬೀದಿಗೆ ಮೊದಲು, ನನ್ನ ಪೇಟೆಗೆ ಮೊದಲು ಎಂದು ಅರಮನೆಯ ಬಾಗಿಲು ಬಡಿದದ್ದು ಸಾಕು. ಮುಂದಿನ ಮೂವತ್ತು ವರ್ಷ ಯಾವ ದಾರಿ ಮೊದಲು, ಯಾವುದು ಆಮೇಲೆ ಎಂದು ಹೇಳಬಯಸುವವನು ರಾಜಕುಮಾರಿ ಪದುಮಲೆಯ ಮೂರು ಒಗಟು ಒಡೆಯಲಿ. ಒಡೆದವನ ಮಾತೇ ಶಾಸನ. ತಪ್ಪಿದವನ ತಲೆ ಕೋಟೆಬಾಗಿಲಿಗೆ. ಯುಗಾದಿಯೊಳಗೆ ಯಾರೂ ಗೆಲ್ಲದಿದ್ದರೆ ಕಲ್ಲೆಲ್ಲ ರಾಜಬೀದಿಗೆ!"

ಮೊದಲು ಬಂದವನು ರೇಷ್ಮೆ ವರ್ತಕನ ಮಗ. ಅವನಿಗೆ ಪೇಟೆಬೀದಿ ಮೊದಲಾಗಬೇಕಿತ್ತು. ಪದುಮಲೆ ತಲೆ ಎತ್ತದೆ ಕೇಳಿದಳು:

"ಊರಿನ ಅರ್ಧ ಜನ ದಿನವೂ ತುಳಿಯುವ ದಾರಿಯೊಂದಿದೆ. ಅದನ್ನು ಯಾರೂ ಕಟ್ಟಲಿಲ್ಲ. ಅರಮನೆಯ ನಕ್ಷೆಯಲ್ಲೂ ಅದಿಲ್ಲ. ಯಾವುದದು?"

"ಕನಸಿನ ದಾರಿ," ಎಂದ ವರ್ತಕನ ಮಗ. ಸಂಜೆಗೆ ಅವನ ತಲೆ ಕೋಟೆಬಾಗಿಲಿನಲ್ಲಿತ್ತು.

ಎರಡನೆಯವನು ದಂಡನಾಯಕನ ಅಳಿಯ. ಆನೆಗಳು ಸಾಲಾಗಿ ಹೋಗುವಂತೆ ರಾಜಬೀದಿ ಅಗಲವಾಗಬೇಕು ಎನ್ನುವುದು ಅವನ ಹಟ. ಅದೇ ಒಗಟಿಗೆ ಅವನು ಬಹಳ ಹೊತ್ತು ಯೋಚಿಸಿ, "ಸಾವಿನ ದಾರಿ," ಎಂದ. ಪದುಮಲೆ ಕಣ್ಣು ಮುಚ್ಚಿಕೊಂಡಳು. ಅವನ ಹೆಂಡತಿ ಮೂರು ದಿನ ಬಾಗಿಲ ಕೆಳಗೆ ಕೂತು ಅತ್ತಳು. ಆಮೇಲೆ ಯಾರೂ ಬರಲಿಲ್ಲ.

ಆ ಬಾಗಿಲ ಪಕ್ಕದಲ್ಲೇ ದುರುಗ ಮೆಟ್ಟು ಹೊಲಿಯುತ್ತಿದ್ದ. ಅಪ್ಪ ಸತ್ತ ಮೇಲೆ ಅವನದೇ ದುಡಿಮೆ. ಎರಡು ವರ್ಷದ ಹಿಂದೆ ಅವನ ತಂಗಿ ಸೋಮಿ, ಹೊಲಿದ ಮೆಟ್ಟು ಕೊಟ್ಟುಬರಲು ಹೋದವಳು, ನಾಲ್ಕುಕಂಬದ ಕೂಡುದಾರಿಯಲ್ಲಿ ರಥದಡಿ ಸಿಕ್ಕಿ ಸತ್ತಿದ್ದಳು. ಯಾರ ರಥವೆಂದು ಊರಿಗೆಲ್ಲ ಗೊತ್ತಿತ್ತು. ಬಾಯಿಬಿಟ್ಟವರಿಲ್ಲ.

ಯುಗಾದಿಗೆ ನಾಲ್ಕು ದಿನ ಉಳಿದಾಗ ದುರುಗ ಉಳಿ ಕೆಳಗಿಟ್ಟ. "ಅವ್ವಾ, ನಾನು ಹೋಗ್ತೀನಿ," ಎಂದ.

"ಇದ್ದವಳೊಬ್ಬಳನ್ನ ಮಣ್ಣಿಗಿಟ್ಟೆ ಮಗಾ. ನಿನ್ನ ತಲೇನೂ ಈ ಬಾಗಿಲಲ್ಲಿ ನೋಡ್ಕೊಂಡು ಬದುಕ್ಲಾ?"

"ರಾಜಬೀದಿ ಅಗಲ ಆದ್ರೆ ರಥ ಇನ್ನೂ ಜೋರಾಗಿ ಓಡ್ತವೆ ಅವ್ವಾ."

ತಾಯಿ ಸೂಜಿದಾರ ಕೈಗೆತ್ತಿಕೊಂಡಳು. ಅವನ ಅಂಗಿಯ ಹರಿದ ತೋಳನ್ನು ಹೊಲಿದು ಕೊಟ್ಟಳು.

ಆಸ್ಥಾನದಲ್ಲಿ ಅವನನ್ನು ಕಂಬದಾಚೆಗೇ ನಿಲ್ಲಿಸಿದರು. ಪದುಮಲೆ ಮೊದಲ ಒಗಟು ಹೇಳಿದಳು.

"ಕೆರೆಯ ಹಿಂದಿನ ಕಾಲುದಾರಿ, ತಾಯಿ," ಎಂದ ದುರುಗ. "ಅದನ್ನ ಕಟ್ಟಿದ್ದು ಯಾರೂ ಅಲ್ಲ, ನಡೆದು ನಡೆದು ಆದದ್ದು. ನೀರಿನವರು, ಸೌದೆಯವರು, ತಳ್ಳುಗಾಡಿಯವರು ಎಲ್ಲ ಅಲ್ಲೇ. ನನ್ನ ಹತ್ತಿರ ಬರೋ ಮೆಟ್ಟುಗಳಲ್ಲಿ ಅರ್ಧಕ್ಕೆ ಅಲ್ಲಿನ ಕಪ್ಪು ಕೆಸರೇ ಮೆತ್ತಿರುತ್ತೆ."

ಪದುಮಲೆ ತಲೆ ಎತ್ತಿ ಅವನನ್ನು ನೋಡಿದಳು.

"ಎರಡನೆಯದು. ಇಕ್ಕಟ್ಟೆಂದು ಅಗಲ ಮಾಡುತ್ತಾರೆ. ಅಗಲ ಮಾಡಿದಷ್ಟೂ ಇಕ್ಕಟ್ಟಾಗುತ್ತದೆ. ಏನದು?"

"ಬಂಡಿಯ ದಾರಿ. ನಮ್ಮಜ್ಜನ ಕಾಲದಲ್ಲಿ ರಾಜಬೀದಿಯಲ್ಲಿ ಎರಡು ಬಂಡಿ ಹೋಗ್ತಿದ್ವಂತೆ. ಅಪ್ಪನ ಕಾಲಕ್ಕೆ ನಾಲ್ಕು ಹೋಗೋ ಹಾಗೆ ಮಾಡಿದ್ರು. ಜಾಗ ಇದೆ ಅಂತ ಎಂಟು ಬಂದ್ವು. ಈಗ ನಡೆಯೋನಿಗೆ ಗೋಡೆಗೆ ಅಂಟಿಕೊಳ್ಳೋದೊಂದೇ ಉಳಿದಿರೋದು."

ಅರಸ ಸಿಂಹಾಸನದಲ್ಲಿ ಮುಂದಕ್ಕೆ ಬಾಗಿದ. ಪದುಮಲೆಯ ದನಿ ಸಣ್ಣಗಾಯಿತು.

"ಮೊದಲ ಕಲ್ಲು ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಇರುವವರು ಈ ಬಾಗಿಲಿಗೆ ಬಂದಿಲ್ಲ, ಬರುವುದೂ ಇಲ್ಲ. ಯಾರವರು?"

ದುರುಗನಿಗೆ ಉತ್ತರ ಕೂಡಲೇ ಹೊಳೆಯಿತು. "ಸತ್ತವರು, ತಾಯಿ," ಎಂದ. "ನಾಲ್ಕುಕಂಬದಲ್ಲಿ ಸತ್ತವರು. ಅಲ್ಲಿ ಬಿದ್ದ ಒಂಟಿ ಮೆಟ್ಟುಗಳನ್ನ ಜನ ನನ್ನ ಹತ್ತಿರ ತಂದಿಡ್ತಾರೆ, ಯಾರದಂತ ಗುರುತು ಸಿಗಲಿ ಅಂತ. ಎರಡು ವರ್ಷಕ್ಕೆ ಹದಿನೇಳು. ಒಂದನ್ನ ನಾನೇ ಹೊಲಿದಿದ್ದೆ. ನನ್ನ ತಂಗೀದು. ಅವಳ ಮೇಲೆ ಹಾಯ್ದ ರಥ ಇದೇ ಅಂಗಳದಲ್ಲಿ ನಿಂತಿದೆ, ಬುದ್ಧಿ."

ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು. ಪದುಮಲೆ ಎದ್ದು ನಡುವೆ ನಿಂತಳು.

"ಒಗಟು ಒಡೆಯಿತು, ಅಪ್ಪಾಜಿ. ಅಂದು ಆ ರಥದಲ್ಲಿ ನಾನೂ ಇದ್ದೆ. ನಿಲ್ಲಿಸಿ ಎಂದು ಕೂಗಿದೆ, ನೀವು ನಿಲ್ಲಿಸಲಿಲ್ಲ. ಯಾರಾದರೂ ನಿಮ್ಮೆದುರು ಇದನ್ನು ಹೇಳಲಿ ಎಂದೇ ಕಾದಿದ್ದೆ."

"ನೀವೇ ಹೇಳಬಹುದಿತ್ತಲ್ಲ ತಾಯಿ," ಎಂದ ದುರುಗ. "ಇಬ್ಬರ ತಲೆ ಉಳೀತಿತ್ತು."

ಕೊಟ್ಟ ಮಾತು ಅರಸನನ್ನು ಕಟ್ಟಿಹಾಕಿತು. ದುರುಗನಿಗೆ ದಾರಿಗಳ ಅಧಿಕಾರ, ಒಂದು ಮನೆ, ಕೆರೆಯ ಕೆಳಗೆ ಗದ್ದೆ ಕೊಟ್ಟರು. ಅವನು ಮೂವತ್ತು ವರ್ಷದ ಸಾಲನ್ನು ಒಂದೊಂದಾಗಿ ಬರೆಸಿದ. ಮೊದಲ ವರ್ಷ ನಾಲ್ಕುಕಂಬದಲ್ಲಿ ನಡೆಯುವವರಿಗೆ ಎತ್ತರದ ಕಲ್ಲುಹಾಸು, ಎರಡನೆಯ ವರ್ಷ ಕೆರೆಯ ಹಿಂದಿನ ಕಾಲುದಾರಿ, ಆಮೇಲೆ ತಳ್ಳುಗಾಡಿಯವರ ಓಣಿಗಳು. ಅರಸ ಓಲೆಯ ಕೊನೆಗೆ ಬೆರಳಿಟ್ಟ.

"ರಾಜಬೀದಿ ಮೂವತ್ತನೆಯ ವರ್ಷವೇ? ಆಗ ನಾನಿರುವುದಿಲ್ಲ."

"ನಾನೂ ಇರ್ತೀನೋ ಇಲ್ವೋ, ಬುದ್ಧಿ. ನಡೆಯೋ ಜನ ಇರ್ತಾರೆ."

ಇನ್ನೊಂದನ್ನೂ ಅವನು ಬರೆಸಿದ: ನಾಲ್ಕುಕಂಬದ ಕೂಡುದಾರಿಯಲ್ಲಿ ಯಾರೇ ಆಗಲಿ ರಥದಿಂದ ಇಳಿದು ದಾಟಬೇಕು.

ಮರುವರ್ಷ ಕಲ್ಲುಹಾಸು ಮುಗಿದ ದಿನ ಅರಸ ಅಲ್ಲಿ ರಥದಿಂದಿಳಿದು ನಡೆದ. ಎದುರಿಗೆ ತಲೆಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಬಂದಳು. ಹೊರೆಯ ಕೆಳಗಿಂದ ಅವಳಿಗೆ ಕಂಡದ್ದು ಎರಡು ಪಾದಗಳಷ್ಟೆ.

"ಸ್ವಲ್ಪ ಸರಿಯಪ್ಪಾ," ಎಂದಳು.

ಅರಸ ಸರಿದು ನಿಂತ. ಅವಳು ದಾಟಿಹೋದಳು.

ದುರುಗ ಕಂಬದ ಬಳಿ ನಿಂತು ಅದನ್ನು ನೋಡಿದ. ಸುತ್ತ ಜನ ಜಯಕಾರ ಹಾಕುತ್ತಿದ್ದರು. ಅಂದು ಸೋಮಿ ಉಳಿಯೋಕೆ ಇಷ್ಟೇ ಸಾಕಿತ್ತಲ್ಲ, ಎಂದುಕೊಂಡ ಅವನು. ಅಲ್ಲೇ ಕಲ್ಲಿನ ಮೇಲೆ ಕೂತ.